ಮಾದೇವಕ್ಕನ ಮರದ ಗಂಟೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಯಲ್ಲಾಪುರದ ಕಡೆಯಿಂದ ನಂದೊಳ್ಳಿ ದಾಟಿ, ಗಾಡಿ ದಾರಿಯನ್ನೂ ಬಿಟ್ಟು, ಗದ್ದೆಯ ಬದು ಹಿಡಿದು ಇಳಿದರೆ ಸಿಗುವ ಸಣ್ಣ ಊರು ಕೆಳಗಿನಕೊಪ್ಪ. ಈ ಊರಿನಲ್ಲಿ ಬೆಳಿಗ್ಗೆ ಎದ್ದವರ ಕಿವಿಗೆ ಮೊದಲು ಬೀಳುವುದು ಮರದ ಗಂಟೆಯ ಸದ್ದು. ಮೇಯಲು ಬಿಟ್ಟ ದನ ಕಾಡಿನಲ್ಲಿ ತಪ್ಪಿಹೋಗದಿರಲಿ ಎಂದು ಕೊರಳಿಗೆ ಕಟ್ಟುತ್ತಾರಲ್ಲ, ಅದೇ ಗಂಟೆ. ಆದರೆ ಬರುತ್ತಿರುವುದು ದನವಲ್ಲ. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲಿಂದ ಹಣೆಯ ತನಕ ಎಳೆದುಕೊಂಡ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಬಲಗೈಯಲ್ಲಿ ಗಂಟೆ, ಎಡಗೈಯ ಕಿರುಬೆರಳಿಗೆ ಆಗಲೇ ಜೋತುಬಿದ್ದ ಒಂದು ಮಗು.

ಆ ಸದ್ದಿಗೆ ಊರಿನಲ್ಲಿ ಎರಡು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಸಂತೆಗೆ ಹೊರಟವನು, ನೆಂಟರ ಮನೆಗೆ ಹೊರಟವಳು, ಹೊಸ ಎತ್ತು ನೋಡಲು ಹೊರಟವನು, ಎಲ್ಲರೂ ಹೊಸ್ತಿಲು ದಾಟಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಒಳಗೆ ನುಗ್ಗುತ್ತಾರೆ. ವಿಧವೆಯ ಮುಖ ಎದುರಾದರೆ ಹೋದ ಕೆಲಸ ಆಗುವುದಿಲ್ಲವಲ್ಲ! ಅದೇ ಗಳಿಗೆಯಲ್ಲಿ, ಅದೇ ಬಾಗಿಲುಗಳಿಂದ, ದೊಡ್ಡವರ ಕಾಲಿನ ಸಂದಿಯಲ್ಲಿ ನುಸುಳಿಕೊಂಡು ಮಕ್ಕಳು ಹೊರಗೆ ಓಡಿಬರುತ್ತವೆ. ಚಡ್ಡಿ ಇದ್ದವು, ಇಲ್ಲದವು, ಮೂಗು ಸುರಿಸಿಕೊಂಡವು, ಕೈಯಲ್ಲಿ ಅರ್ಧ ತಿಂದ ದೋಸೆ ಹಿಡಿದವು. ಮಾದೇವಕ್ಕ ಮುಂದಿನ ಮನೆಯ ಹತ್ತಿರ ಬಂದಂತೆ ಗಂಟೆಯನ್ನು ಇನ್ನೊಮ್ಮೆ ಅಲ್ಲಾಡಿಸುತ್ತಾಳೆ.

"ಮೊದಮೊದಲು ಬೇಜಾರು ಬರ್ತಿತ್ತು," ಎನ್ನುತ್ತಾಳೆ ಆಕೆ, ಒಂದು ಮಗುವಿನ ಮೂಗನ್ನು ಅದರ ಅಂಗಿಯಿಂದಲೇ ಒರೆಸುತ್ತ. "ಈಗ ಇಲ್ಲೆ. ಒಳಗೆ ಹೋಪವು ಯಾರು ಹೇಳಿ ಆನು ನೋಡ್ತಿಲ್ಲೆ. ಹೊರಗೆ ಬಪ್ಪವು ಯಾರು ಹೇಳಿ ಮಾತ್ರ ನೋಡ್ತೆ." ಈ ಸೀಮೆಯ ಮಾತಿನಲ್ಲಿ 'ಆನು' ಎಂದರೆ ನಾನು, 'ಯಂಗೆ' ಎಂದರೆ ನನಗೆ, 'ಹೇಳಿ' ಎಂದರೆ ಎಂದು.

ಕೆಳಗಿನಕೊಪ್ಪದ ಬಾಲವಾಡಿಯನ್ನು ಕಟ್ಟಿ ನಿಲ್ಲಿಸಿದವಳು ಇವಳು. ಹೆಸರು ಮಾದೇವಿ, ದೊಡ್ಡವರ ಬಾಯಲ್ಲಿ ಮಾದೇವಕ್ಕ, ಮಕ್ಕಳ ಬಾಯಲ್ಲಿ ಮಾದೇವತ್ತೆ. ಬ್ಲಾಕ್ ಕಚೇರಿಯ ಕಾಗದಗಳಲ್ಲಿ ಈಗ ಆಕೆ ಬರಿಯ 'ಸಹಾಯಕಿ'. ಮಕ್ಕಳನ್ನು ಮನೆಮನೆಯಿಂದ ಕರೆತಂದು ಬಾಗಿಲಲ್ಲಿ ಒಪ್ಪಿಸುವುದು, ಹಿಂದಿನ ಅಡಿಗೆ ಮಾಡಿನಲ್ಲಿ ಹಾಲಿನ ಪುಡಿ ಕದಡಿ ಕಾಸುವುದು, ಪಾತ್ರೆ ತೊಳೆಯುವುದು, ಇಷ್ಟೇ ಆಕೆಯ ಕೆಲಸ. ಬಾಗಿಲಿನಿಂದ ಒಳಗೆ ಮಕ್ಕಳೊಂದಿಗೆ ಏನು ನಡೆಯುತ್ತದೆಯೋ ಅದು ಆಕೆಗೆ ಸಂಬಂಧವಿಲ್ಲದ ಮಾತು. ಬಾಲವಾಡಿಯ ಮಟ್ಟ ಸುಧಾರಿಸಿದ್ದಾರೆ.

ಹೇಗೆ ಸುಧಾರಿಸಿದರು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಾದೇವಿಗೆ ಮದುವೆಯಾದದ್ದು ದೊಡ್ಮನೆ ಸೀಮೆಗೆ. ಗಂಡ ಹೋದಾಗ ಆಕೆಗೆ ಇಪ್ಪತ್ತೂ ತುಂಬಿರಲಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ತವರಿಗೆ ತಂದು ಬಿಟ್ಟರು. ಅಲ್ಲಿಂದ ಮುಂದೆ ಹತ್ತು ಹನ್ನೆರಡು ವರ್ಷ ಅಣ್ಣನ ಮನೆಯ ಒಲೆಯ ಮುಂದೆ ಕಳೆದವು. ಊರಿನಲ್ಲಿ ಯಾರ ಮನೆಯ ಶ್ರಾದ್ಧಕ್ಕಾದರೂ ಮಡಿ ಅಡಿಗೆಗೆ ಆಕೆಯೇ ಬೇಕು. ಅಲ್ಲಿ ಆ ಕೈ ಶುದ್ಧ. ಮದುವೆ ಮನೆಯಲ್ಲಿ ಅದೇ ಕೈ ಅರಿಸಿನದ ಬಟ್ಟಲು ಮುಟ್ಟುವಂತಿಲ್ಲ. ಅಲ್ಲಿ ಅಶುಭ. ಇಂಥ ಲೆಕ್ಕಗಳಲ್ಲಿ ನಮ್ಮ ಊರುಗಳು ಯಾವತ್ತೂ ತಪ್ಪುವುದಿಲ್ಲ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷ, ಹಳ್ಳಿಗಳಲ್ಲಿ ಬಾಲವಾಡಿ ತೆರೆಯಲು ಹೆಂಗಸರು ಬೇಕು, ಧಾರವಾಡದಲ್ಲಿ ತರಬೇತಿ ಕೊಡುತ್ತೇವೆ ಎಂದು ಗ್ರಾಮಸೇವಿಕೆ ಕೆಳಗಿನಕೊಪ್ಪಕ್ಕೂ ಬಂದಳು. ಗಂಡ, ಮಕ್ಕಳು, ದನಕರು ಇದ್ದವರು ಯಾರೂ ಹೊರಡುವಂತಿರಲಿಲ್ಲ. ಏನೂ ಇಲ್ಲದವಳು ಒಬ್ಬಳೇ. ನಾಲ್ಕನೆಯ ಇಯತ್ತೆ ಓದಿದವಳು, ದಿನಾ ಸಂಜೆ ಅಣ್ಣನ ಮಕ್ಕಳನ್ನು ಆಡಿಸುವವಳು. ಅತ್ತಿಗೆ ಬೇಡವೆಂದಳು, ಅಣ್ಣ ಹೋಗೆಂದ. ಬೋಳುತಲೆಯ ಹೆಂಗಸು ಮೋಟಾರು ಹತ್ತಿ ಧಾರವಾಡಕ್ಕೆ ಹೋಗುವುದನ್ನು ನೋಡಲು ಅರ್ಧ ಊರು ಗಾಡಿ ದಾರಿಯ ತನಕ ಬಂದಿತ್ತಂತೆ. ಎದುರಿಗಲ್ಲ, ಮರೆಯಲ್ಲಿ ನಿಂತು.

ತರಬೇತಿಯ ಮುಖ್ಯ ಶಿಕ್ಷಕಿ ಗುರುಶಾಂತವ್ವ ಎಂಬ ಗಟ್ಟಿ ಹೆಂಗಸು. ಮೊದಲ ದಿನ ಕೆಲವು ಹುಡುಗಿಯರು ಮಾದೇವಿಯ ಪಕ್ಕದ ಚಾಪೆ ಬಿಟ್ಟು ದೂರ ಸರಿದು ಕೂತರು. "ಇಕಿ ತಲೀ ನೋಡಾಕ ಬಂದೀರೇನ, ಕೆಲಸ ಕಲಿಯಾಕ ಬಂದೀರಿ?" ಎಂದು ಗುರುಶಾಂತವ್ವ ಗದರಿ, ತಾನೇ ಬಂದು ಆ ಚಾಪೆಯ ಮೇಲೆ ಕೂತಳು. ಆ ಆರು ತಿಂಗಳಲ್ಲಿ ಆಕೆ ಹೇಳಿದ ಮಾತುಗಳನ್ನು ಮಾದೇವಕ್ಕ ಇವತ್ತಿಗೂ ಅದೇ ಧಾರವಾಡದ ರಾಗದಲ್ಲಿ ಆಡಿ ತೋರಿಸುತ್ತಾಳೆ: "ಮೂರು ವರ್ಷದ ಕೂಸಿನ ಕೈಯಾಗ ಪಾಟಿ ಕೊಡಬ್ಯಾಡ್ರಿ. ಮೊದಲ ಬೆರಳಿಗೆ ಜೀವ ಬರಲಿ. ಮಣ್ಣು ಕಲಸಲಿ, ಕಾಳು ಆರಿಸಲಿ, ನೀರು ಸುರುವಲಿ. ಅಕ್ಷರ ಎಲ್ಲೂ ಓಡಿ ಹೋಗೂದಿಲ್ಲ."

"ಮಕ್ಕೊ ಆಡೋದು ಹೇಳಿರೆ ಅದೇ ಅವ್ಕೆ ಕೆಲಸ ಹೇಳಿ ಯಂಗೆ ಅಲ್ಲೇ ಗೊತ್ತಾತು," ಎನ್ನುತ್ತಾಳೆ ಮಾದೇವಕ್ಕ. ಹೇಳುವಾಗ ಸೆರಗು ಹಿಂದಕ್ಕೆ ಸರಿದದ್ದೂ ಆಕೆಗೆ ಗೊತ್ತಾಗುವುದಿಲ್ಲ.

ಊರಿಗೆ ಮರಳಿ ಬಂದ ಆಕೆಗೆ ಸಿಕ್ಕಿದ ಜಾಗ ಕಬ್ಬು ಅರೆಯುವುದು ನಿಂತು ಪಾಳುಬಿದ್ದ ಒಂದು ಆಲೆಮನೆ. ಬೆಲ್ಲ ಕಾಸುವ ಒಲೆಯ ದೊಡ್ಡ ಗುಂಡಿ ನಡುವೆ ಬಾಯಿ ತೆರೆದುಕೊಂಡಿತ್ತು. ಮುಚ್ಚಿಸುವ ಬದಲು ಮಾದೇವಕ್ಕ ಅದಕ್ಕೆ ಹಳ್ಳದ ಮರಳು ಹೊತ್ತು ತುಂಬಿದಳು. ಹಳೆಯ ಕೊಪ್ಪರಿಗೆಯನ್ನು ಬೂದಿ ಹಾಕಿ ತಿಕ್ಕಿ ಅಂಗಳದಲ್ಲಿ ಇಟ್ಟಳು. ಮಕ್ಕಳು ಅದರೊಳಗೆ ಕೂತರೆ ಅದು ದೋಣಿ, ಬೋರಲು ಹಾಕಿ ಮೇಲೆ ಹತ್ತಿದರೆ ಗುಡ್ಡ. ಹುಣಸೆ ಬೀಜ, ಹಲಸಿನ ಬೇಳೆ, ಅಂಟುವಾಳದ ಕಾಯಿ ಬೇರೆಬೇರೆ ಗರಟೆಗಳಲ್ಲಿ. ಅಡಿಕೆ ಹಾಳೆಯ ಮೇಲೆ ಒಂದು ಕೂತರೆ ಇನ್ನೊಂದು ಎಳೆಯುತ್ತದೆ. ಗದ್ದೆಯ ಜೇಡಿಯಿಂದ ದನ, ಒಲೆ, ಮೋಟಾರು, ಅಜ್ಜಿ ಎಲ್ಲ ಆಗುತ್ತವೆ. ತೋಟದ ಮನೆಯ ಮಕ್ಕಳು, ಆ ತೋಟದಲ್ಲಿ ಕೆಲಸ ಮಾಡುವವರ ಮಕ್ಕಳು, ಕೊಂಕಣಿ ಮಾತಾಡುವ ಮಕ್ಕಳು, ಎಲ್ಲಕ್ಕೂ ಮರಳು ಒಂದೇ. ಮಧ್ಯಾಹ್ನ ಮನೆಗೆ ಮರಳಿದಾಗ ಕೆಲವು ಮಕ್ಕಳನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ನೀರು ಹೊಯ್ದ ಮೇಲೇ ಒಳಗೆ ಬಿಡುತ್ತಾರೆ. ಮಾದೇವಕ್ಕನ ತಲೆಗೂ ಅತ್ತಿಗೆ ದೂರದಿಂದ ನೀರು ಹೊಯ್ಯುತ್ತಾಳೆ.

ಗಂಟೆ ಬಂದದ್ದು ಮೊದಲ ವಾರದಲ್ಲೇ. ಮಕ್ಕಳನ್ನು ಕರೆಯಲು ಹೊರಟ ಆಕೆಗೆ, ಗಡಿ ತಂಟೆಯ ಕೇಸಿಗೆಂದು ಯಲ್ಲಾಪುರದ ಕೋರ್ಟಿಗೆ ಹೊರಟಿದ್ದ ಒಬ್ಬರು ಎದುರಾದರು. ಕೇಸು ಸೋತಿತು. ಕಾಗದಪತ್ರ ಸರಿ ಇರಲಿಲ್ಲ ಎಂದು ವಕೀಲರೇ ಹೇಳಿದರೂ ಊರು ಒಪ್ಪಲಿಲ್ಲ. ಪಂಚಾಯತಿ ಅಂಗಳದಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಅಣ್ಣ ಸತ್ತ ಎತ್ತಿನ ಕೊರಳ ಗಂಟೆ ತಂದು ತಂಗಿಯ ಕೈಗೆ ಕೊಟ್ಟ. ನೀನು ಬರುತ್ತಿದ್ದೀ ಎಂದು ತಿಳಿದರೆ ಅವರು ಒಳಗಿರುತ್ತಾರೆ, ನಿನ್ನ ಕೆಲಸವೂ ನಡೆಯುತ್ತದೆ ಎಂದ. ಹಾಗೆ ಬಾಲವಾಡಿ ಉಳಿಯಿತು.

ಬಾಲವಾಡಿ ಸಮಿತಿಯ ಅಧ್ಯಕ್ಷರು ದಿನಕರ ಹೆಗಡೆ. ಒಳ್ಳೆಯ ಮನುಷ್ಯ. ಆಲೆಮನೆಯ ಜಾಗ ಬಿಟ್ಟುಕೊಟ್ಟವರು, ಚಾಪೆ ಕೊಡಿಸಿದವರು. ಕೆಳಗಿನಕೊಪ್ಪದಲ್ಲಿ ಕೆಟ್ಟವರೆಂದು ಬೊಟ್ಟು ಮಾಡುವಂಥವರು ಯಾರೂ ಇಲ್ಲ. ಇದ್ದಿದ್ದರೆ ಈ ಕಥೆ ಹೇಳುವುದು ಸುಲಭವಿತ್ತು.

ವರ್ಷ ಕಳೆಯುವುದರೊಳಗೆ ಮನೆಮನೆಯಲ್ಲಿ ಗೊಣಗಾಟ ಶುರುವಾಯಿತು. ಮಕ್ಕಳು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಮರಳಿನಲ್ಲಿ ಹೊರಳಿ ಬರುತ್ತವೆ, ಒಂದಕ್ಷರ ಬರುವುದಿಲ್ಲ. "ಆಡಲೆ ಮನೆಲಿ ಜಾಗ ಇಲ್ಲೆನಾ? ಆಡಿಸಲೆ ಒಬ್ಬಳಿಗೆ ಸರಕಾರ ಸಂಬಳ ಕೊಡವಾ?" ಎಂದು ಸೀತಾ ಎಂಬ ತಾಯಿ ಮುಖದ ಮೇಲೇ ಕೇಳಿದಳು. ಮಾದೇವಕ್ಕ ಗುರುಶಾಂತವ್ವ ಹೇಳಿದ್ದನ್ನೆಲ್ಲ ವಿವರಿಸಲು ನೋಡಿದಳು. ಬೆರಳಿಗೆ ಜೀವ, ಕಣ್ಣಿಗೆ ಹದ, ಬಾಯಿಗೆ ಮಾತು. ಹೆಂಗಸರು ನಕ್ಕರು. ಬಾಲವಾಡಿಯನ್ನು ಮುಚ್ಚಿಸಿ ಮಕ್ಕಳನ್ನು ಕಿರಿಯ ವಯಸ್ಸಿಗೇ ಶಾಲೆಯ ಮಾಸ್ತರರ ಬೆಂಚಿನ ತುದಿಗೆ ಕೂರಿಸೋಣ ಎಂಬ ಮಾತೂ ಎದ್ದಿತು.

ಆಗ ಒಂದು ದಿನ ದಿನಕರ ಹೆಗಡೆಯವರು ಆಲೆಮನೆಯ ಅಂಗಳಕ್ಕೆ ಬಂದು, ಆಕೆಯ ಮುಖ ನೋಡದೆ, ಕೊಪ್ಪರಿಗೆಯನ್ನು ನೋಡುತ್ತ ಹೇಳಿದರು: "ಮಾದೇವಕ್ಕಾ, ಊರವಕ್ಕೆ ಆನು ತಿಳಿಸಿ ಹೇಳಿದ್ದೆ. ನೀನು ಅಕ್ಷರ ಎಂತಕ್ಕೆ ಹಾಕಿಸ್ತಿಲ್ಲೆ ಹೇಳಿ ಯಂಗೆ ಗೊತ್ತಿದ್ದು. ನಿನ್ನ ಕೈಯಿಂದ ಆ ಕೆಲಸ ಮಾಡ್ಲಾಗ. ನೀನೇ ತಿಳಕಂಡು ದೂರ ಇದ್ದೆ. ದೊಡ್ಡ ಗುಣ ನಿಂದು."

ಮಾದೇವಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇಲ್ಲಿಯ ಪದ್ಧತಿಯಲ್ಲಿ ವಿಜಯದಶಮಿಯ ದಿನ ಹರಿವಾಣದಲ್ಲಿ ಅಕ್ಕಿ ಹರವಿ, ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸುತ್ತಾರೆ. ಹಿಡಿಯುವ ಕೈ ಶುಭದ ಕೈ ಆಗಿರಬೇಕು. ವಿಧವೆ ಹಿಡಿದ ಬೆರಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ನಂಬಿಕೆ. ಊರಿನವರು ಈ ನಂಬಿಕೆಯನ್ನೂ ಆಕೆ ಅಕ್ಷರ ಕಲಿಸದ್ದನ್ನೂ ಕೂಡಿಸಿ ತಾವೇ ಒಂದು ಕಾರಣ ಕಟ್ಟಿಕೊಂಡಿದ್ದರು: ಮಾದೇವಕ್ಕ ಮರ್ಯಾದೆ ತಿಳಿದವಳು, ಆದ್ದರಿಂದ ಅಕ್ಷರದ ಗೋಜಿಗೆ ಹೋಗುವುದಿಲ್ಲ. ಅಲ್ಲ, ಮೂರು ವರ್ಷದ ಮಗುವಿಗೆ ಅಕ್ಷರ ಬೇಡವೆಂದು ತಾನು ಕಲಿತು ಬಂದದ್ದಕ್ಕೆ ಎಂದು ಹೇಳಲು ಆಕೆಯ ಬಾಯಿ ತೆರೆದದ್ದೂ ಹೌದು.

"ತೆರದ ಬಾಯಿ ಮುಚ್ಚಿಕೊಂಡೆ," ಎನ್ನುತ್ತಾಳೆ. "ಬುದ್ಧಿ ಮಾತು ಹೇಳಿರೆ ಕೇಳದ್ದವು ಶಕುನ ಹೇಳಿರೆ ಕೇಳ್ತ. ಇರ್ಲಿ ಹೇಳಿ ಬಿಟ್ಟೆ. ಮಕ್ಕೊಗೆ ಆಡಲೆ ಸಿಕ್ತಲಿ."

ಹಾಗೆ ಆರು ವರ್ಷ ನಡೆಯಿತು. ಸುತ್ತಿನ ಹಳ್ಳಿಗಳ ಬಾಲವಾಡಿಗಳಲ್ಲಿ ಕೂಸುಗಳು ಸಾಲಾಗಿ ಕೂತು ತಲೆ ತೂಗಿ ಮಗ್ಗಿ ಒದರುತ್ತಿದ್ದಾಗ, ಕೆಳಗಿನಕೊಪ್ಪದ ಮಕ್ಕಳು ಮರಳಿನಲ್ಲಿ ಕಾಲುವೆ ತೋಡಿ ನೀರು ಹರಿಸುತ್ತಿದ್ದವು. ತನ್ನನ್ನು ಅವಮಾನಿಸುವ ಒಂದು ನಂಬಿಕೆಯನ್ನೇ ಬೇಲಿ ಮಾಡಿಕೊಂಡು ಆಕೆ ಅವುಗಳ ಆಟವನ್ನು ಕಾದಳು. ಒಳಗೊಳಗೇ ನಗುತ್ತಿದ್ದಳಂತೆ. ಆ ನಗು ಈಗ ಇಲ್ಲ.

ಹೋದ ವರ್ಷ ಬಾಲವಾಡಿಗಳ ಮಟ್ಟ ಸುಧಾರಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ತಪಾಸಣೆಗೆಂದು ಒಬ್ಬ ಅಧಿಕಾರಿಣಿ ಜೀಪಿನಲ್ಲಿ ಬಂದರು. ಸಮಿತಿಯವರು, ತಾಯಂದಿರು, ಎಲ್ಲರೂ ಆಲೆಮನೆಯಲ್ಲಿ ಸೇರಿದರು. ಮಾದೇವಕ್ಕ ಬಾಗಿಲಿನ ಹಿಂದೆ ನಿಂತಿದ್ದಳು. ಮಕ್ಕಳಿಗೆ ಇನ್ನೂ ಅಕ್ಷರದ ಪರಿಚಯವೇ ಇಲ್ಲವಲ್ಲ, ಯಾಕೆ ಎಂದು ಅಧಿಕಾರಿಣಿ ಕೇಳಿದರು. ಬೈಯುವ ದನಿಯಲ್ಲಲ್ಲ, ತಿಳಿಯುವ ದನಿಯಲ್ಲೇ ಕೇಳಿದರು.

ಉತ್ತರ ಹೇಳಿದ್ದು ದಿನಕರ ಹೆಗಡೆಯವರು. "ಅವಳ ತಪ್ಪಲ್ಲ ಬಾಯಿಯವರೇ. ಅವಳ ಕೈಯಲ್ಲಿ ಅಕ್ಷರ ಹಾಕಿಸುವ ಹಾಗಿಲ್ಲ. ಅವಳಿಗೂ ಗೊತ್ತಿದೆ, ನಮಗೂ ಗೊತ್ತಿದೆ. ಅದಕ್ಕೇ ನಾವು ಕೇಳುವುದು, ಒಬ್ಬ ಮುತ್ತೈದೆ ಶಿಕ್ಷಕಿಯನ್ನು ಕೊಡಿ."

ಅಧಿಕಾರಿಣಿ ಬಾಗಿಲ ಕಡೆ ತಿರುಗಿ, "ನೀವೇನು ಹೇಳುತ್ತೀರಿ?" ಎಂದು ಕೇಳಿದರು. ಕೇಳಲಿಲ್ಲ ಎನ್ನುವ ಹಾಗಿಲ್ಲ, ಕೇಳಿದರು. ಆಗ ಹೇಳಬಹುದಿತ್ತು. ಆದರೆ ಎದುರಿಗೆ ಸೀತಾ ಕೂತಿದ್ದಳು, ಊರಿನ ಎಲ್ಲ ತಾಯಂದಿರೂ ಕೂತಿದ್ದರು. ಕೈಯ ದೋಷ ನೆಪ, ಬೇಕೆಂದೇ ಅಕ್ಷರ ಕಲಿಸಲಿಲ್ಲ ಎಂದರೆ ಇಷ್ಟು ವರ್ಷ ಊರಿಗೆ ಊರನ್ನೇ ಮರುಳು ಮಾಡಿದೆನೆಂದು ಒಪ್ಪಿಕೊಂಡಂತೆ. ಆಕೆಯ ಮೌನ ಒಪ್ಪಿಗೆಯಾಯಿತು. ಅಧಿಕಾರಿಣಿ ಜೀಪು ಹತ್ತಿದರು.

"ಆವತ್ತು ಹೇಳಕಾಗಿತ್ತು," ಎನ್ನುವಾಗ ಆಕೆಯ ಕೈ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕುತ್ತದೆ. "ಬೈದ್ರೆ ಬೈತಿದ್ದ. ಓಡಿಸಿದ್ರೆ ಓಡಿಸ್ತಿದ್ದ. ಹೇಳಿದ್ದಿಲ್ಲೆ. ಶಕುನದ ಬೇಲಿ ಆನೇ ಕಟ್ಟಿದ್ದಲ್ದಾ, ಅದೇ ಯನ್ನ ಮೇಲೆ ಬಿತ್ತು."

ಮಳೆಗಾಲಕ್ಕೆ ಮೊದಲೇ ವೇದಾ ಬಂದಳು. ಶಿರಸಿಯ ಹುಡುಗಿ, ಹೊಸದಾಗಿ ಮದುವೆಯಾದವಳು, ಮೆಟ್ರಿಕ್ ಪಾಸು. ಪ್ರಾಥಮಿಕ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿ, ಅದು ಸಿಗುವ ತನಕ ಎಂದು ಇಲ್ಲಿ ಒಪ್ಪಿಕೊಂಡಿದ್ದಾಳೆ. ಆಕೆಯ ಸ್ವಾಗತಕ್ಕೆ ಆಲೆಮನೆಗೆ ಸುಣ್ಣ ಬಳಿದರು. ಒಲೆಯ ಗುಂಡಿಯ ಮರಳನ್ನು ಹೊರಗೆ ಸುರಿದು, ಕಲ್ಲುಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿದು ನೆಲ ಸಪಾಟು ಮಾಡಿದರು, ಮಕ್ಕಳು ಸಾಲಾಗಿ ಕೂರಬೇಕಲ್ಲ. ಕೊಪ್ಪರಿಗೆಯನ್ನು ಯಾರೋ ಎಮ್ಮೆಗೆ ಹುರುಳಿ ಬೇಯಿಸಲು ಒಯ್ದರು. ಒಂದೊಂದು ಮಗುವಿಗೂ ಒಂದೊಂದು ಪಾಟಿ ಬಂತು. ಊರು ಸಂತೋಷಪಟ್ಟಿತು, ಈಗ ನೋಡಿ ಬಾಲವಾಡಿ ಎಂದರೆ ಬಾಲವಾಡಿ.

ವೇದಾಳನ್ನು ದೂರಲು ಮಾದೇವಕ್ಕ ಬಿಡುವುದಿಲ್ಲ. ಹುಡುಗಿಗೆ ಮಕ್ಕಳೆಂದರೆ ಅಕ್ಕರೆಯಿದೆ, ಹಾಡುವ ಗಂಟಲಿದೆ. ಮೊದಲ ವಾರವೇ ಹಿಂದಿನ ಮಾಡಿಗೆ ಬಂದು ಮಕ್ಕಳು ಮಣ್ಣಿನ ದನ ಮಾಡುವುದನ್ನು ನೋಡಿ ಕೂತು ತಾನೂ ಒಂದು ಮಾಡಿದಳು. "ಮಾದೇವಕ್ಕಾ, ನೀ ಹೇಳೋದು ಸರಿ ಹೇಳಿ ಯಂಗೂ ಕಾಣ್ತು," ಎಂದಳು. "ಆದ್ರೆ ಮೇಲಿನವು ಬಂದು ಕೇಳೋದು ಎಂತರ? ಮಗೂಗೆ 'ಅ' ಬರೀಲೆ ಬತ್ತಾ ಹೇಳಿ. ಮಣ್ಣಿನ ದನ ತೋರ್ಸಿರೆ ಯನ್ನ ಕೆಲಸ ಉಳಿತಿಲ್ಲೆ." ಮಾದೇವಕ್ಕ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

ಈಗ ಗಂಗೆಯ ವಿಷಯಕ್ಕೆ ಬರಬೇಕು. ಗಂಗೆ ಎಂದರೆ ಮಂಜಿಯ ಮಗಳು. ಮಂಜಿ ಹೆಗಡೆಯವರ ತೋಟದಲ್ಲಿ ಗೊಬ್ಬರ ಹೊರುವವಳು, ಹಳ್ಳದಾಚೆಯ ಗುಡಿಸಲಿನವಳು. ಗಂಗೆಗೆ ಈಗ ನಾಲ್ಕು. ಮಾತು ಕಡಿಮೆ, ಕೈ ಚುರುಕು, ಅದೂ ಎಡಗೈ. ಮಣ್ಣಿನಲ್ಲಿ ಅವಳು ಮಾಡುವ ದನಕ್ಕೆ ಕೊಂಬು, ಬಾಲ, ಕೆಚ್ಚಲು, ಕೊರಳಲ್ಲಿ ಗಂಟೆ, ಎಲ್ಲ ಇರುತ್ತಿದ್ದವು. ಮಾದೇವಕ್ಕನ ಸೆರಗು ಜಾರಿದಾಗಲೆಲ್ಲ ಆ ಎಡಗೈಯಿಂದಲೇ ಬೋಳುತಲೆ ಸವರಿ, ಹಲಸಿನಕಾಯಿ ಎಂದು ನಗುವ ಏಕೈಕ ಮಗು ಅದು.

ಈ ವಿಜಯದಶಮಿಗೆ ಬಾಲವಾಡಿಯ ಎಲ್ಲ ಮಕ್ಕಳಿಗೂ ಒಟ್ಟಿಗೇ ಅಕ್ಷರಾಭ್ಯಾಸ ಎಂದು ಸಮಿತಿ ತೀರ್ಮಾನಿಸಿತು. ಮಂಜಿಯ ಕಾಲು ನೆಲದ ಮೇಲಿರಲಿಲ್ಲ. "ನಮ್ಮನೀಲಿ ಯಾರಿಗೂ ಅಕ್ಷರ ಇಲ್ಲ ಅಮ್ಮಾ. ನಮ್ ಗಂಗಿಗಾದ್ರೂ ಬರ್ಲಿ," ಎಂದು ಹಿಂದಿನ ದಿನವೇ ಮಾದೇವಕ್ಕನ ಹತ್ತಿರ ಹೇಳಿಹೋದಳು. ಅವಳ ಎದುರು ಅಕ್ಷರ ಈಗಲೇ ಬೇಡ ಎನ್ನುವುದು ಹೇಗೆ? ಅಕ್ಷರ ಹೊಟ್ಟೆತುಂಬ ಇದ್ದ ಮನೆಗಳಿಗೇ ಹೇಳಲಾಗದ್ದನ್ನು, ತಲೆತಲಾಂತರದಿಂದ ಅದರ ಮುಖವನ್ನೇ ಕಾಣದವಳಿಗೆ ಹೇಳುವ ಬಾಯಿ ಯಾರಿಗಿದೆ?

ಹಬ್ಬದ ದಿನ ಮಾದೇವಕ್ಕ ಹಿಂದಿನ ಮಾಡಿನಲ್ಲಿ ಪಾಯಸ ಕದಡುತ್ತಿದ್ದಳು. ಶುಭಕಾರ್ಯ ಮುಗಿಯುವ ತನಕ ಈ ಕಡೆ ಬರಬಾರದೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಭಟ್ಟರು ತೋಟದ ಮನೆಗಳ ಮಕ್ಕಳ ಬೆರಳು ಹಿಡಿದು ಬರೆಸಿದರು. ಉಳಿದ ಮಕ್ಕಳ ಸರದಿ ಬಂದಾಗ ಕೈ ತೊಳೆದುಕೊಂಡು ಎದ್ದರು. ಅವುಗಳ ಬೆರಳನ್ನು ವೇದಾ ಹಿಡಿದಳು. ಗಂಗೆ ಅಕ್ಕಿಯ ಹರಿವಾಣಕ್ಕೆ ಎಡಗೈ ಚಾಚಿದಳು. "ಹೋ, ಆ ಕೈಯಲ್ಲ!" ಎಂದು ನಾಲ್ಕಾರು ಜನ ಒಟ್ಟಿಗೇ ಕೂಗಿದರು. ಮಗು ಬೆಚ್ಚಿ ಕೈ ಎಳೆದುಕೊಂಡಿತು. ವೇದಾ ಬಲಗೈ ಹಿಡಿದು ಹೇಗೋ ತಿದ್ದಿಸಿದಳು.

ಮರುದಿನದಿಂದ ಪಾಟಿಯ ಹೊತ್ತಿನಲ್ಲಿ ಗಂಗೆಯ ಎಡಗೈಯನ್ನು ಬಟ್ಟೆಯ ಚೂರಿನಿಂದ ಸೊಂಟಕ್ಕೆ ಕಟ್ಟುತ್ತಾರೆ. ಹೊಡೆಯುವುದಿಲ್ಲ, ಬಿಗಿಯಾಗಿಯೂ ಕಟ್ಟುವುದಿಲ್ಲ. ಅಭ್ಯಾಸ ತಪ್ಪಲಿ ಎಂದು ಅಷ್ಟೇ. ಕಟ್ಟಲು ಹೇಳಿದವರು ಹೆಗಡೆಯವರು, ಹೂಂ ಎಂದವಳು ಮಂಜಿ, ಕಟ್ಟುವವಳು ವೇದಾ. ಮೂವರಿಗೂ ಮಗುವಿನ ಒಳ್ಳೆಯದೇ ಬೇಕು. ಹಿಂದಿನ ಮಾಡಿನ ತಟ್ಟಿಯ ಸಂದಿಯಿಂದ ಮಾದೇವಕ್ಕನಿಗೆ ಕಾಣುವುದು ಮಗುವಿನ ಬೆನ್ನು ಮಾತ್ರ. ಆ ಬೆನ್ನು ಅಲ್ಲಾಡುವುದಿಲ್ಲ.

"ಬಿಚ್ಚು ಹೇಳಿ ವೇದಾ ಹತ್ರ ಹೇಳ್ದೆ. ಅವಳು ಅತ್ತುಬಿಟ್ಳು. ಹೆಗಡೇರ ಹತ್ರನೂ ಹೇಳ್ದೆ, ಈ ಸಲ ಬಾಯಿ ಬಿಟ್ಟು ಹೇಳ್ದೆ. ಅವು ಎಂತ ಹೇಳಿದ್ದ ಗೊತ್ತಿದ್ದಾ? 'ಅಕ್ಷರದ ವಿಷಯ ನಿಂಗೆ ಬೇಡ ಮಾದೇವಕ್ಕಾ, ನಿಂಗೇ ಗೊತ್ತಿದ್ದಲಿ.'"

ಇದಾಗಿ ಸ್ವಲ್ಪ ದಿನಕ್ಕೆ ಗಂಗೆ ಬರುವುದು ನಿಂತಿತು. ಜ್ವರವಿರಬಹುದೆಂದು ಒಂದು ಬೆಳಿಗ್ಗೆ ಮಾದೇವಕ್ಕ ಹಳ್ಳ ದಾಟಿ ಮಂಜಿಯ ಗುಡಿಸಲಿಗೇ ಹೋದಳು. ಮಡಿಯ ಹೆಂಗಸು ಆ ಅಂಗಳಕ್ಕೆ ಕಾಲಿಟ್ಟಿದ್ದನ್ನು ಕಂಡು ಮಂಜಿ ಗಾಬರಿಯಾದಳು. "ಜ್ವರ ಗಿರ ಎಂತೂ ಇಲ್ಲ ಅಮ್ಮಾ. ನಿಮ್ ಗಂಟೆ ಸದ್ದು ಕೇಳಿದ್ದೇ ಒಳಗೆ ಓಡ್ತದೆ. ಕಣಜದ ಹಿಂದೆ ಹೋಗಿ ಕೂತದೆ. ಕರದ್ರೂ ಬರೂದಿಲ್ಲ," ಎಂದಳು.

ಮಾದೇವಕ್ಕ ಬಗ್ಗಿ ಒಳಗೆ ನೋಡಿದಳು. ಕಣಜಕ್ಕೂ ಗೋಡೆಗೂ ನಡುವೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗಂಗೆ ಕೂತಿದ್ದಳು. ಮಾದೇವಕ್ಕನ ಕೈಯಲ್ಲಿದ್ದ ಗಂಟೆ ಒಮ್ಮೆ ಲೊಟಕ್ಕೆಂದಿತು. ಮಗು ಕಣ್ಣು ಮುಚ್ಚಿಕೊಂಡಿತು.

ಅಲ್ಲಿ ಮಾದೇವಕ್ಕನಿಗೆ ಆದದ್ದನ್ನು ಬಣ್ಣಿಸುವುದು ಬೇಡ. ಸಂತೆಗೆ ಹೊರಟವರು, ಕೋರ್ಟಿಗೆ ಹೊರಟವರು ತನ್ನ ಸದ್ದಿಗೆ ಒಳಗೆ ಓಡಿದ್ದನ್ನು ಆಕೆ ವರ್ಷಗಟ್ಟಲೆ ನುಂಗಿಕೊಂಡಿದ್ದಾಳೆ. ಅದಕ್ಕೆ ಬದಲಾಗಿ ಆಕೆಗೆ ಸಿಕ್ಕಿದ್ದು ಒಂದೇ, ಹೊರಗೆ ಓಡಿಬರುವ ಮಕ್ಕಳು. ಈಗ ಒಂದು ಮಗು, ಅದರಲ್ಲೂ ಆ ಮಗು, ಒಳಗೆ ಓಡಿತು.

"ಅದು ಹೆದರಿದ್ದು ಪಾಟಿಗಲ್ಲ, ಯಂಗೆ," ಎನ್ನುತ್ತಾಳೆ. "ದಿನಾ ಕೈ ಹಿಡಕಂಡು ಕರ್ಕಂಡು ಹೋಗಿ ಕಟ್ಟಿಸಲೆ ಕೊಟ್ಟಿದ್ದು ಯಾರು? ಆನೇ ಅಲ್ದಾ?"

ಆಕೆ ಗುಡಿಸಲಿನ ಒಳಗೆ ಹೋದಳು. ನೆಲದ ಮೇಲೆ ಕೂತು ಗಂಟೆಯನ್ನು ಗಂಗೆಯ ಕಡೆಗೆ ಉರುಳಿಸಿದಳು. ಆಮೇಲೆ ಬೆನ್ನ ಹಿಂದಿನಿಂದ ಎಡಗೈ ಬಂತು, ಗಂಟೆಯನ್ನು ಮುಟ್ಟಿತು, ಒಮ್ಮೆ ಅಲ್ಲಾಡಿಸಿತು. "ನಿಂದೇ ಅದು, ಇಟ್ಕ," ಎಂದು ಹೇಳಿ ಮಾದೇವಕ್ಕ ಎದ್ದು ಬಂದಳು. ಗಂಗೆ ಆ ದಿನ ಬಾಲವಾಡಿಗೆ ಬರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ.

ಮೊದಲಿಗೆ ಹೇಳಿದ ಬೆಳಗು ಮಾದೇವಕ್ಕ ಗಂಟೆ ಹಿಡಿದು ನಡೆದ ಕಡೆಯ ಬೆಳಗು. ಅದರ ಮರುದಿನ ಆಕೆ ಬರಿಗೈಯಲ್ಲಿ ಮನೆಯಿಂದ ಹೊರಡುತ್ತಾಳೆ. ಹಿತ್ತಿಲ ದಾರಿಯನ್ನೂ ಹಿಡಿಯುವುದಿಲ್ಲ, ಮುಂಬಾಗಿಲುಗಳ ಎದುರಿನ ದಾರಿಯಲ್ಲೇ ನಡೆಯುತ್ತಾಳೆ. ಮಕ್ಕಳ ಹೆಸರನ್ನು ಬಾಯಿಂದಲೇ ಕರೆಯುತ್ತಾಳೆ. ಸೀತಾ ಅಂಗಳಕ್ಕೆ ನೀರು ಹಾಕುತ್ತಿದ್ದವಳು ತಲೆಯೆತ್ತಿ ನೋಡಿ, ಕೊಡ ಅಲ್ಲೇ ಬಿಟ್ಟು ಒಳಗೆ ಹೋಗುತ್ತಾಳೆ. ಅವಳ ಮನೆಯ ಕೂಸು ಮಾತ್ರ ಆ ಕೊಡವನ್ನು ಹಾರಿಕೊಂಡು ಹೊರಗೆ ಬರುತ್ತದೆ.

ಮೇಲಿನ ಮನೆಯಿಂದ ದಿನಕರ ಹೆಗಡೆಯವರು ಇಳಿಯುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಕೊಡೆ. ಯಲ್ಲಾಪುರದಲ್ಲಿ ಇವತ್ತು ಬಾಲವಾಡಿಗಳ ಸಭೆ. ಸುಧಾರಿಸಿದ ಬಾಲವಾಡಿಗಳಲ್ಲಿ ಕೆಳಗಿನಕೊಪ್ಪದ ಹೆಸರೂ ಇದೆಯಂತೆ. ಬೇಲಿಯ ದಣಪೆಯ ಹತ್ತಿರ ಇಬ್ಬರೂ ಮುಖಾಮುಖಿಯಾಗುತ್ತಾರೆ. ಸೆರಗು ಹಣೆಯ ಮೇಲಿಲ್ಲ. ಇಷ್ಟು ವರ್ಷಗಳಲ್ಲಿ ಬೆಳಗಿನ ಬೆಳಕಿನಲ್ಲಿ ಆ ಮುಖವನ್ನು ಅವರು ನೋಡಿದ್ದು ಇದೇ ಮೊದಲು.

"ಗಂಟೆ ಎಲ್ಲಿ ಮಾದೇವಕ್ಕಾ?" ಎಂದು ಕೇಳುತ್ತಾರೆ, ಸಿಟ್ಟಿಗಿಂತ ಹೆಚ್ಚಾಗಿ ಗಲಿಬಿಲಿಯಲ್ಲಿ.

"ಮಗೂಗೆ ಆಡಲೆ ಕೊಟ್ಟೆ."

ಹೆಗಡೆಯವರು ಹಿಂದಕ್ಕೆ ತಿರುಗಿ ಮನೆಗೆ ಹೋಗುತ್ತಾರೆ. ಕಾಲು ತೊಳೆದು, ಒಂದು ಲೋಟ ನೀರು ಕುಡಿದು, ಶಕುನ ಕಳೆಯುವ ತನಕ ಕೂರಬೇಕಲ್ಲ. ಸಭೆಗೆ ಹೊತ್ತಾಗುತ್ತದೆ. ಆದದ್ದಾಗಲಿ.

ನಾಳೆ ಸಮಿತಿ ಸೇರಬಹುದು. ಸಹಾಯಕಿಯ ಕೆಲಸವನ್ನೂ ಬಿಡಿಸಬಹುದು. ಅದು ಮಾದೇವಕ್ಕನಿಗೆ ಗೊತ್ತಿದೆ. ಏನು ಆಸೆ ಇದೆ ನಿಮಗೆ ಎಂದು ಕೇಳಿದರೆ, ಮಣ್ಣು ಮೆತ್ತಿದ ಎರಡು ಪುಟ್ಟ ಕೈಗಳನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡೇ ಹಳ್ಳದಾಚೆಗೆ ಒಮ್ಮೆ ನೋಡುತ್ತಾಳೆ. ಅಲ್ಲಿಂದ ಗಂಟೆಯ ಸದ್ದು ಬರುತ್ತಿದೆ, ತಾಳವಿಲ್ಲ, ಲಯವಿಲ್ಲ, ಮಗು ಆಡುವ ಸದ್ದು.

"ಎಂತ ಆಸೆ? ಆನು ಕರದ್ರೆ ಮಕ್ಕೊ ಹೊರಗೆ ಓಡಿ ಬರಕ್ಕು, ಅಷ್ಟೇಯ. ಒಳಗೆ ಓಡುವವು ಈ ಊರಲ್ಲಿ ಬೇಕಾದಷ್ಟು ಜನ ಇದ್ದ."